ತಾರಸಿ ಪೆಟ್ಟಿಗೆಯ ರಾಣಿ ಸೋತಾಗ

ಗುಜರಾತಿಗೆ ಬಂದು ನೆಲೆಸಿದ ನಮ್ಮವರು ಊರಿನಿಂದ ಏನೆಲ್ಲ ತಂದಿಲ್ಲ? ಕರಿಬೇವಿನ ಗಿಡ ತಂದವರಿದ್ದಾರೆ, ಕೆಸುವಿನ ಗೆಡ್ಡೆ ತಂದವರಿದ್ದಾರೆ, ಕುಂಡದಲ್ಲಿ ವೀಳ್ಯದ ಬಳ್ಳಿ ಹಬ್ಬಿಸಿ ನೆಂಟರಿಗೆ ತೋರಿಸುವವರೂ ಇದ್ದಾರೆ. ಆದರೆ ಬರೋಡಾದ ಅಲ್ಕಾಪುರಿ ಆಸುಪಾಸಿನಲ್ಲಿ, ಹಾಗೆಯೇ ಅಹಮದಾಬಾದ್ ಮತ್ತು ಸೂರತ್‌ನಲ್ಲಿ, ತಾರಸಿಯ ಮೂಲೆಯಲ್ಲಿ ಜೇನು ಪೆಟ್ಟಿಗೆ ಇಟ್ಟುಕೊಂಡ ಕನ್ನಡಿಗರೂ ಕೆಲವರಿದ್ದಾರೆ ಎಂಬುದು ಸಂಘದ ಎಲ್ಲ ಸದಸ್ಯರಿಗೆ ತಿಳಿದಿರಲಾರದು. ಪುತ್ತೂರು, ಸುಳ್ಯ, ಶಿರಸಿ, ಮಡಿಕೇರಿ ಕಡೆಯವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ತೋಟದ ಬದಿಯಲ್ಲಿ, ಹಟ್ಟಿಯ ಹಿಂದೆ, ನಾಲ್ಕು ಕಾಲಿನ ಸ್ಟ್ಯಾಂಡಿನ ಮೇಲೆ ಪೆಟ್ಟಿಗೆ ನೋಡಿಕೊಂಡೇ ಬೆಳೆದವರು ಅವರು.

ಇಂಥವರು ಸಂಘದ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ಸಿಕ್ಕಾಗ ಮಾತು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತದೆ. ‘ಮೊದಲ ವರ್ಷ ಚೆನ್ನಾಗಿತ್ತು ಮಾರಾಯ್ರೇ, ಎರಡನೇ ವರ್ಷ ಖಾಲಿ. ಈ ಊರಿನ ಬಿಸಿಲಿಗೆ ಜೇನು ನಿಲ್ಲುವುದಿಲ್ಲ.’ ಬಿಸಿಲಿನ ಮಾತು ಸುಳ್ಳಲ್ಲ. ಮೇ ತಿಂಗಳಿನಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ವಿಶೇಷವಲ್ಲ. ಆದರೆ ಇದೇ ಬರೋಡಾದ ನೀರಿನ ಟ್ಯಾಂಕುಗಳ ಅಡಿಯಲ್ಲಿ ಹೆಜ್ಜೇನು ನೇತಾಡುತ್ತದೆ, ಬೇಲಿಯ ಕಡ್ಡಿಯಲ್ಲಿ ಕೋಲುಜೇನು ಕಟ್ಟುತ್ತದೆ. ಬೇವು, ನೇರಳೆ, ಹೊಂಗೆ, ನುಗ್ಗೆ, ನೀಲಗಿರಿ ಹೂ ಬಿಡುತ್ತವೆ. ಪಟ್ಟಣದ ಹೊರಗೆ ತೊಗರಿ, ಹತ್ತಿ, ಔಡಲದ ಹೊಲಗಳಿವೆ. ಬನಾಸಕಾಂಠಾದ ಬನಾಸ್ ಡೇರಿಯವರು ಹಾಲಿನ ಜೊತೆಗೆ ಜೇನನ್ನೂ ಮಾರುತ್ತಾರೆ. ನಮ್ಮ ಪಕ್ಕದ ಆಣಂದಿನ ಅಮುಲ್‌ನವರು 2021ರಲ್ಲಿ ಜೇನುತುಪ್ಪವನ್ನು ಮಾರುಕಟ್ಟೆಗೆ ತಂದರು. ಹಾಗಿರುವಾಗ ಊರನ್ನೇ ದೂರುವುದು ಸರಿಯಲ್ಲ. ನನಗೆ ಗೊತ್ತಿರುವ ನಾಲ್ಕೈದು ಮನೆಗಳಲ್ಲಿ ಪೆಟ್ಟಿಗೆ ಖಾಲಿಯಾದದ್ದನ್ನು ಕೆದಕಿ ನೋಡಿದರೆ, ಹೆಚ್ಚಿನ ಕಡೆ ತಪ್ಪಿದ್ದು ಬಿಸಿಲಲ್ಲ, ರಾಣಿ. ರಾಣಿ ಸೋತದ್ದು ಗೊತ್ತಾಗುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು.

ಮುಂದೆ ಹೋಗುವ ಮೊದಲು ಒಂದು ವಿಷಯ ಹೇಳಿಬಿಡಬೇಕು. ಊರಿನಲ್ಲಿ ನಾವು ಕಂಡದ್ದು ತುಡುವೆ. ಅದರ ಪೆಟ್ಟಿಗೆಯೂ ಚಿಕ್ಕದು. ಕಳೆದ ಶತಮಾನದ ಆರಂಭದಲ್ಲಿ ತಿರುಚಿನಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ ರೂಪಿಸಿದ, ಅವರದೇ ಹೆಸರಿನ ಪೆಟ್ಟಿಗೆ ಅದು. ಗುಜರಾತಿನಲ್ಲಿ ತುಡುವೆ ಡಾಂಗ್ ಕಡೆಯ ಕಾಡಿನಲ್ಲಿದೆ. ಬರೋಡಾದಂಥ ಬಯಲು ಸೀಮೆಯಲ್ಲಿ ಹವ್ಯಾಸಿಗಳು ಇಡುವುದು ಹೆಚ್ಚಾಗಿ ಮೆಲ್ಲಿಫೆರಾ, ಅಂದರೆ ಯುರೋಪಿನ ಜೇನು. ದೊಡ್ಡ ಪೆಟ್ಟಿಗೆ, ಹತ್ತು ಚೌಕಟ್ಟು. ಎರಡರ ಸ್ವಭಾವದಲ್ಲಿ ವ್ಯತ್ಯಾಸವಿದ್ದರೂ ರಾಣಿಯ ವಿಷಯದಲ್ಲಿ ಲೆಕ್ಕಾಚಾರ ಬಹುಮಟ್ಟಿಗೆ ಒಂದೇ.

ಎಣಿಸಬೇಕಾದ್ದು ನೊಣವನ್ನಲ್ಲ

ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕುಳಿತವನಿಗೆ ಜೇನು ಕುಟುಂಬ ಅರ್ಥವಾಗುವುದು ಜಮೆ-ಖರ್ಚಿನ ಭಾಷೆಯಲ್ಲಿಯೇ. ಕೆಲಸಗಾರ ನೊಣದ ಆಯುಷ್ಯ ದುಡಿಮೆಯ ಕಾಲದಲ್ಲಿ ಸುಮಾರು ಆರು ವಾರ. ದಿನವೂ ನೂರಾರು ನೊಣ ಹೂವಿಗೆ ಹೋದದ್ದು ಮರಳಿ ಬರುವುದಿಲ್ಲ. ಅದು ಖರ್ಚು. ಮೆಲ್ಲಿಫೆರಾದ ಒಳ್ಳೆಯ ರಾಣಿ ಹೂವಿನ ಕಾಲದಲ್ಲಿ ದಿನಕ್ಕೆ ಸಾವಿರಕ್ಕೂ ಮಿಕ್ಕಿ ಮೊಟ್ಟೆ ಇಡುತ್ತಾಳೆ. ಅದು ಜಮೆ. ಇಟ್ಟ ಮೊಟ್ಟೆ ನೊಣವಾಗಿ ಹೊರಬರಲು 21 ದಿನ ಬೇಕು. ತುಡುವೆಯಲ್ಲಿ ಒಂದೆರಡು ದಿನ ಕಡಿಮೆ.

ಈಗ ಜಮೆ ನಿಂತಿತು ಎನ್ನಿ. ಮೊದಲ ಮೂರು ವಾರ ಏನೂ ಗೊತ್ತಾಗುವುದಿಲ್ಲ. ಮೊದಲೇ ಇಟ್ಟ ಮೊಟ್ಟೆಗಳಿಂದ ಹೊಸ ನೊಣ ಬರುತ್ತಲೇ ಇರುತ್ತದೆ. ಬಾಗಿಲಿನಲ್ಲಿ ಓಡಾಟವಿರುತ್ತದೆ, ಕಾಲಿಗೆ ಹಳದಿ ಪರಾಗ ಅಂಟಿಸಿಕೊಂಡು ಬರುವವರಿರುತ್ತಾರೆ. ನೋಡಿದವರು ‘ಭೇಷ್’ ಎನ್ನುತ್ತಾರೆ. ನಾಲ್ಕನೇ ವಾರದಿಂದ ಬ್ಯಾಲೆನ್ಸ್ ಇಳಿಯತೊಡಗುತ್ತದೆ. ಎಂಟನೇ ವಾರಕ್ಕೆ ಎರಿಗಳು ಬರಿದಾಗಿ ಮೇಣದ ಹುಳು ಒಳಸೇರಿ ಬಲೆ ನೇಯುತ್ತದೆ. ಆಗ ನಾವು ಮುಚ್ಚಳ ತೆಗೆದು, ‘ಮೇಣದ ಹುಳು ತಿಂದುಹಾಕಿತು’ ಎನ್ನುತ್ತೇವೆ. ಬಲವಿರುವ ಕುಟುಂಬದಲ್ಲಿ ಮೇಣದ ಹುಳುವಿಗೆ ಜಾಗವಿಲ್ಲ. ಅದು ಬಂದದ್ದು ಕೊನೆಗೆ, ಮರಣ ಪತ್ರಕ್ಕೆ ಸಹಿ ಹಾಕಲು ಮಾತ್ರ.

ಸುಳ್ಯದ ಕಡೆ ಐವತ್ತು ವರ್ಷ ಜೇನು ಸಾಕಿದ ನನ್ನ ಸೋದರಮಾವನಿಗೆ ಫೋನು ಮಾಡಿ ‘ಮಾವ, ನೊಣ ಚೆನ್ನಾಗಿಯೇ ಉಂಟು’ ಎಂದಾಗಲೆಲ್ಲ ಅವರದು ಒಂದೇ ಪ್ರಶ್ನೆ: ‘ನೊಣ ಇರಲಿ ಮಾರಾಯ, ಮರಿ ಹೇಗುಂಟು ಹೇಳು.’ ಈ ಇಡೀ ಲೇಖನದ ತಿರುಳು ಅಷ್ಟೇ ಎಂದರೂ ತಪ್ಪಾಗಲಾರದು.

ಮರಿಯ ಎರಿ ಹೇಳುವ ಕತೆ

ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮೊದಲು, ಸ್ವಲ್ಪ ಹೊಗೆ ಹಾಕಿ ನಡುವಿನ ಎರಡು ಎರಿಗಳನ್ನು ಎತ್ತಿ ನೋಡಿದರೆ ಸಾಕು. ಎರಿಯನ್ನು ಪೆಟ್ಟಿಗೆಯ ಮೇಲೆಯೇ ಹಿಡಿದು ನೋಡಬೇಕು. ರಾಣಿ ಜಾರಿದರೂ ಒಳಗೇ ಬೀಳಲಿ. ರಾಣಿಯನ್ನು ಹುಡುಕಲೇಬೇಕೆಂದೂ ಇಲ್ಲ. ಹವ್ಯಾಸಿಗಳು ಮುಕ್ಕಾಲು ಗಂಟೆ ಪೆಟ್ಟಿಗೆ ಬಿಡಿಸಿಟ್ಟು ರಾಣಿ ಹುಡುಕುವುದು, ನೊಣ ಕೆರಳಿ ಪಕ್ಕದ ಫ್ಲ್ಯಾಟಿನ ಮಕ್ಕಳಿಗೆ ಚುಚ್ಚುವುದು, ಇದೆಲ್ಲ ಬೇಡ. ಮೊಟ್ಟೆ ಕಂಡರೆ ರಾಣಿ ಮೂರು ದಿನದೊಳಗೆ ಅಲ್ಲಿ ನಡೆದಿದ್ದಾಳೆ ಎಂದೇ ಸಾಮಾನ್ಯವಾಗಿ ಅರ್ಥ. ಬೆಳಕಿಗೆ ಬೆನ್ನು ಹಾಕಿ ಹಿಡಿದರೆ ಕೋಶದ ತಳದಲ್ಲಿ ನಿಂತಿರುವ ಬಿಳಿಯ ಮೊಟ್ಟೆ ಕಾಣುತ್ತದೆ. ಐವತ್ತು ದಾಟಿದವರು ಓದುವ ಕನ್ನಡಕ ಮರೆಯಬಾರದು.

ಒಳ್ಳೆಯ ರಾಣಿಯ ಎರಿಯಲ್ಲಿ ಮುಚ್ಚಿದ ಮರಿ ಒತ್ತೊತ್ತಾಗಿ, ಚಪ್ಪಟೆಯಾಗಿ, ಕಂದು ಬಣ್ಣದ ಕಂಬಳಿ ಹಾಸಿದಂತೆ ಇರುತ್ತದೆ. ನಡುವೆ ಅಲ್ಲೊಂದು ಇಲ್ಲೊಂದು ಕೋಶ ಖಾಲಿಯಿದ್ದರೆ ಚಿಂತೆಯಿಲ್ಲ. ಕಂಬಳಿಗೆ ನುಸಿ ಹಿಡಿದಂತೆ ತೂತು ತೂತಾಗಿದ್ದರೆ ಮಾತ್ರ ಯೋಚಿಸಬೇಕು. ಇದಕ್ಕೆ ಕಾರಣ ಒಂದೇ ಅಲ್ಲ. ಮರಿಗೆ ರೋಗ ತಗಲಿರಬಹುದು. ನಮ್ಮ ಊರುಗಳಲ್ಲಿ 1991-92ರ ಸುಮಾರಿಗೆ ಥಾಯಿ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದದ್ದು ಹಿರಿಯರಿಗೆ ನೆನಪಿರಬಹುದು. ಆ ರೋಗದಲ್ಲಿ ಮರಿಹುಳು ಕೋಶದೊಳಗೇ ನೀರು ತುಂಬಿದ ಚೀಲದಂತಾಗಿ ಸಾಯುತ್ತದೆ. ಸತ್ತ ಮರಿ ಕಂಡರೆ ಅದು ರೋಗದ ಮಾತು, ರಾಣಿ ಬದಲಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ.

ಸತ್ತ ಮರಿ ಇಲ್ಲ, ವಾಸನೆಯಿಲ್ಲ, ಆದರೂ ಅರ್ಧಕ್ಕರ್ಧ ಕೋಶ ಖಾಲಿ ಎಂದಾದರೆ ಅನುಮಾನ ರಾಣಿಯ ಮೇಲೆ. ಆಕೆ ಹತ್ತಿರದ ಸಂಬಂಧದ ಗಂಡು ನೊಣಗಳನ್ನು ಕೂಡಿದ್ದರೆ ಹೀಗಾಗುತ್ತದೆ. ಅಂಥ ಮೊಟ್ಟೆಗಳಲ್ಲಿ ಒಂದು ಪಾಲು, ಹೆಣ್ಣಾಗಬೇಕಾದ್ದು ಗಂಡಾಗಿಬಿಡುತ್ತದೆ. ಅದು ಕುಟುಂಬಕ್ಕೆ ಬೇಡದ ಗಂಡು. ಮರಿಹುಳು ಹೊರಬಂದ ಕೂಡಲೇ ಕೆಲಸಗಾರ ನೊಣಗಳೇ ಅದನ್ನು ತಿಂದು ಕೋಶ ಖಾಲಿ ಮಾಡುತ್ತವೆ. ಸುತ್ತ ಮೂರು ಮೈಲಿಯಲ್ಲಿ ಬೇರೆ ಪೆಟ್ಟಿಗೆಯೇ ಇಲ್ಲದೆ, ಇರುವ ಒಂದನ್ನೇ ಎರಡು ಮೂರು ಮಾಡುತ್ತ ಹೋದವರ ತಾರಸಿಯಲ್ಲಿ ಇದು ಕಾಣುವ ಸಂಭವ ಹೆಚ್ಚು. ನಮ್ಮ ಹಿರಿಯರು ಗೋತ್ರ ನೋಡಿ ಸಂಬಂಧ ಮಾಡುತ್ತಿದ್ದರಲ್ಲ, ಜೇನಿನಲ್ಲಿಯೂ ಆ ಮಾತು ನಡೆಯುತ್ತದೆ.

ಇನ್ನೊಂದು ಗುರುತು ಇದಕ್ಕಿಂತ ಸ್ಪಷ್ಟ. ಮುಚ್ಚಿದ ಕೋಶಗಳು ಚಪ್ಪಟೆಯಾಗಿರದೆ ಕಡಲೆಕಾಳು ಅಂಟಿಸಿದಂತೆ ಉಬ್ಬಿರುತ್ತವೆ. ಅವುಗಳ ಒಳಗಿರುವುದು ಗಂಡು. ತುಡುವೆಯಾದರೆ ಗಂಡಿನ ಕೋಶದ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತೂ ಇರುತ್ತದೆ. ಎರಿಯ ಅಂಚಿನಲ್ಲಿ, ಗಂಡಿಗೆಂದೇ ಕಟ್ಟಿದ ದೊಡ್ಡ ಕೋಶಗಳಲ್ಲಿ ಇವು ಇರುವುದು ಸಹಜ. ಎರಿಯ ನಡುವೆ, ಕೆಲಸಗಾರ ನೊಣದ ಕೋಶದಲ್ಲೇ ಗಂಡು ತುಂಬಿದರೆ ರಾಣಿಯ ಕತೆ ಮುಗಿಯಿತೆಂದೇ ತಿಳಿಯಬೇಕು. ಹೊಸಬರು ಮೋಸ ಹೋಗುವುದು ಇಲ್ಲಿಯೇ. ನಮ್ಮ ಪರಿಚಯದ ಹೋಟೆಲು ಉದ್ಯಮಿಯೊಬ್ಬರು ಒಂದು ಸೆಪ್ಟೆಂಬರಿನಲ್ಲಿ ಬಹಳ ಖುಷಿಯಿಂದ ಕರೆದು ತೋರಿಸಿದರು: ‘ನೋಡಿ, ಈ ಸಲ ದೊಡ್ಡ ದೊಡ್ಡ ನೊಣ ಬಂದಿದೆ!’ ದಪ್ಪ ಮೈ, ಎರಡು ದೊಡ್ಡ ಕಣ್ಣು, ಚುಚ್ಚಲು ಕೊಂಡಿಯಿಲ್ಲ, ಜೇನು ತರುವ ಕೆಲಸವೂ ಇಲ್ಲ. ಎಲ್ಲವೂ ಗಂಡು. ಮಳೆಗಾಲದಲ್ಲಿ ಹೂವಿಲ್ಲದಾಗ ಸರಿಯಾದ ಕುಟುಂಬ ಗಂಡುಗಳನ್ನು ಹೊರದಬ್ಬುತ್ತದೆ. ರಾಣಿ ಸೋತ ಅಥವಾ ರಾಣಿಯೇ ಇಲ್ಲದ ಕುಟುಂಬ ಮಾತ್ರ ಅವುಗಳನ್ನು ಉಳಿಸಿಕೊಳ್ಳುತ್ತದೆ. ಹಾಗಾಗಿ ಮಳೆಗಾಲದಲ್ಲಿ ಗಂಡು ತುಂಬಿದ ಪೆಟ್ಟಿಗೆ ಸಂಭ್ರಮಕ್ಕಲ್ಲ, ಪರೀಕ್ಷೆಗೆ ಕಾರಣ.

ಕಣ್ಣಿಲ್ಲದವರು ಕಂಡ ಸತ್ಯ

ರಾಣಿ ಮೊಟ್ಟೆ ಇಡುತ್ತಿದ್ದರೂ ಬರೀ ಗಂಡೇ ಏಕೆ ಹುಟ್ಟುತ್ತದೆ? ಇದನ್ನು ಮೊದಲು ಸರಿಯಾಗಿ ಗಮನಿಸಿದವರು ಸ್ವಿಟ್ಜರ್ಲೆಂಡಿನ ಫ್ರಾಂಸ್ವಾ ಹ್ಯೂಬರ್. ಯೌವನದಲ್ಲಿಯೇ ದೃಷ್ಟಿ ಕಳೆದುಕೊಂಡವರು ಅವರು. ಅವರ ಮನೆಯ ಸೇವಕ ಬರ್ನೆನ್ಸ್ ಎಂಬಾತ ನೋಡಿ ಹೇಳುವುದು, ಹ್ಯೂಬರ್ ಪ್ರಶ್ನೆ ಕೇಳಿ ಮುಂದಿನ ಪ್ರಯೋಗ ಸೂಚಿಸುವುದು, ಹೀಗೆ ಕೆಲಸ ನಡೆಯಿತು. 1792ರಲ್ಲಿ ಅವರ ಪುಸ್ತಕ ಪ್ರಕಟವಾಯಿತು. ರಾಣಿ ಗಂಡನ್ನು ಕೂಡುವುದು ಗೂಡಿನ ಒಳಗಲ್ಲ, ಹೊರಗೆ ಆಕಾಶದಲ್ಲಿ ಎಂದು ತೋರಿಸಿದವರು ಅವರು. ಎಳೆಯ ರಾಣಿಯನ್ನು ಮೂರು ವಾರ ಮೀರಿ ಹೊರಗೆ ಬಿಡದೆ ತಡೆದರೆ, ಆಮೇಲೆ ಬಿಟ್ಟರೂ ಆಕೆ ಇಡುವುದು ಬರೀ ಗಂಡು ಮೊಟ್ಟೆ ಎಂಬುದನ್ನೂ ಅವರೇ ಕಂಡುಕೊಂಡರು. ಕಾರಣ ತಿಳಿದದ್ದು 1845ರಲ್ಲಿ. ಸೈಲೀಸಿಯಾದ ಪಾದ್ರಿ ಜೆರ್ಜೋನ್, ಗಂಡು ನೊಣ ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ ಎಂದು ಸಾರಿದರು. ಗಂಡು ನೊಣಕ್ಕೆ ತಂದೆಯಿಲ್ಲ, ಅಜ್ಜನಿದ್ದಾನೆ!

ರಾಣಿ ಜೀವಮಾನದಲ್ಲಿ ಕೆಲವೇ ದಿನ, ಹುಟ್ಟಿದ ಒಂದೆರಡು ವಾರದೊಳಗೆ, ಹೊರಗೆ ಹಾರಿ ಹತ್ತು ಹದಿನೈದು ಗಂಡುಗಳನ್ನು ಕೂಡಿ ಬರುತ್ತಾಳೆ. ಆಗ ಕೂಡಿಟ್ಟ ವೀರ್ಯವೇ ಮುಂದಿನ ಎರಡು ಮೂರು ವರ್ಷಕ್ಕೆ ಬಂಡವಾಳ. ಮತ್ತೆ ತುಂಬಿಸಿಕೊಳ್ಳುವ ಅವಕಾಶವಿಲ್ಲ. ಆ ಒಂದೆರಡು ವಾರ ಜಡಿಮಳೆ ಹಿಡಿದರೆ ಕತೆ ಕೆಟ್ಟಿತು. ನಮ್ಮ ಜಿಲ್ಲೆಗಳಲ್ಲಿ ಮಳೆ ಪೂರ್ತಿ ಬಿಟ್ಟ ಮೇಲೆಯೇ ಕುಟುಂಬ ಪಾಲು ಮಾಡುವ ರೂಢಿಗೆ ಇದೇ ಕಾರಣ. ಗುಜರಾತಿನಲ್ಲಿ ಮಳೆಯ ದಿನ ಕಡಿಮೆ, ನಿಜ. ಆದರೆ ವಿಶ್ವಾಮಿತ್ರಿ ಉಕ್ಕಿ ಬರೋಡಾ ಮುಳುಗಿದ 2019 ಮತ್ತು 2024ರ ಮಳೆಯನ್ನು ಕಂಡವರು, ಆ ದಿನಗಳಲ್ಲಿ ಎಳೆ ರಾಣಿ ಹಾರಿರಬಹುದೆಂದು ಹೇಳಲಾರರು. ಮಳೆಯಿಲ್ಲದಾಗ ಕಳ್ಳಿಪೀರ ಹಕ್ಕಿ ವಿದ್ಯುತ್ ತಂತಿಯ ಮೇಲೆ ಕಾದು ಕುಳಿತಿರುತ್ತದೆ. ಹಾರಿ ಹೋದ ರಾಣಿ ಮರಳಿ ಬಾರದಿದ್ದರೆ ಅದರ ಮೇಲೂ ಗುಮಾನಿ ಪಡಬಹುದು.

ಬಿಸಿಲಿನ ಪಾಲೂ ಇದೆ, ಆದರೆ ನಾವು ತಿಳಿದ ರೀತಿಯಲ್ಲಲ್ಲ. ಪೆಟ್ಟಿಗೆಯೊಳಗೆ ನೊಣಗಳು ರೆಕ್ಕೆ ಬೀಸಿ, ನೀರು ತಂದು ತಂಪು ಮಾಡಿಕೊಳ್ಳುತ್ತವೆ. ಬೆಂಕಿಪೊಟ್ಟಣದಷ್ಟು ಪಂಜರದಲ್ಲಿ ನಾಲ್ಕೈದು ಸಖಿಯರೊಂದಿಗೆ ಕೊರಿಯರಿನಲ್ಲಿ ಬರುವ ರಾಣಿಗೆ ಆ ಅನುಕೂಲವಿಲ್ಲ. ಸಾಗಣೆಯಲ್ಲಿ 40 ಡಿಗ್ರಿಯ ಶಾಖಕ್ಕೆ ಕೆಲವು ಗಂಟೆ ಸಿಕ್ಕರೂ ರಾಣಿಯ ಒಳಗಿನ ವೀರ್ಯಾಣುಗಳು ಸಾಯುತ್ತವೆ ಎಂದು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ್ದಾರೆ. ಅತಿ ತಂಪೂ ಹಾಗೆಯೇ. ರಾಣಿ ಬದುಕಿ ಬಂದಳು, ಓಡಾಡುತ್ತಿದ್ದಾಳೆ, ಮೊಟ್ಟೆಯೂ ಇಟ್ಟಳು, ಎಲ್ಲ ಸರಿ. ಖಾತೆಯಲ್ಲಿ ಹಣವಿಲ್ಲದ ಚೆಕ್ಕಿನಂತೆ ಎರಡು ತಿಂಗಳಲ್ಲಿ ವಾಪಸು. ನನ್ನ ತಾರಸಿಗೆ ಒಂದು ಮೇ ತಿಂಗಳಿನಲ್ಲಿ ಹೊರರಾಜ್ಯದ ವ್ಯಾಪಾರಿಯೊಬ್ಬರಿಂದ ಬಂದ ರಾಣಿಯ ಹಣೆಬರಹ ಹಾಗೆಯೇ ಆಯಿತು. ಜುಲೈವರೆಗೆ ಚೆಂದ, ಆಗಸ್ಟ್ ಕೊನೆಗೆ ಎರಿಯ ತುಂಬ ಕಡಲೆಕಾಳು. ವ್ಯಾಪಾರಿಯನ್ನು ಕೇಳಿದರೆ ‘ನಾನು ಕಳಿಸಿದ್ದು ಒಳ್ಳೆಯ ಮಾಲೇ’ ಎಂಬ ಉತ್ತರ. ದಾರಿಯಲ್ಲಿ ನಡೆದದ್ದನ್ನು ಅವರಾದರೂ ಹೇಗೆ ಬಲ್ಲರು?

ರಾಣಿಯೇ, ಅಥವಾ ರಾಣಿಯಿಲ್ಲದ ಅರಾಜಕತೆಯೇ?

ಉಬ್ಬಿದ ಕೋಶ ಕಂಡ ಕೂಡಲೇ ಹೊಸ ರಾಣಿಗೆ ಹಣ ಕಳಿಸಬಾರದು. ಇನ್ನೊಂದು ಪರೀಕ್ಷೆ ಬಾಕಿಯಿದೆ. ರಾಣಿ ಸತ್ತು, ಹೊಸ ರಾಣಿ ಮಾಡಿಕೊಳ್ಳಲೂ ಆಗದೆ ಉಳಿದ ಕುಟುಂಬದಲ್ಲಿ ಕೆಲಸಗಾರ ನೊಣಗಳೇ ಮೊಟ್ಟೆ ಇಡತೊಡಗುತ್ತವೆ. ಅವು ಗಂಡನ್ನು ಕೂಡಿಲ್ಲದ್ದರಿಂದ ಅವುಗಳದೂ ಗಂಡು ಮೊಟ್ಟೆಯೇ. ಮೆಲ್ಲಿಫೆರಾದಲ್ಲಿ ಇದಕ್ಕೆ ಕೆಲವು ವಾರ ಬೇಕು, ತುಡುವೆಯಲ್ಲಿ ಬಹಳ ಬೇಗ ಆಗುತ್ತದೆ. ವ್ಯತ್ಯಾಸ ತಿಳಿಯುವುದು ಹೀಗೆ: ಸೋತ ರಾಣಿ ಸೋತರೂ ರಾಣಿಯೇ. ಕೋಶಕ್ಕೆ ಒಂದೇ ಮೊಟ್ಟೆ, ತಳದ ನಡುವೆ, ಸಾಲು ತಪ್ಪದೆ ಇಡುತ್ತಾಳೆ. ಕೆಲಸಗಾರ ನೊಣದ ಹೊಟ್ಟೆ ಗಿಡ್ಡ. ಅದು ತಳ ಮುಟ್ಟದೆ ಗೋಡೆಗೆ ಅಂಟಿಸುತ್ತದೆ. ಒಂದೇ ಕೋಶದಲ್ಲಿ ಮೂರು, ನಾಲ್ಕು, ಕೆಲವೊಮ್ಮೆ ಇನ್ನೂ ಹೆಚ್ಚು ಮೊಟ್ಟೆಗಳಿರುತ್ತವೆ. ಈ ಸ್ಥಿತಿಗೆ ಬಂದ ಕುಟುಂಬ ಕೊಟ್ಟ ಹೊಸ ರಾಣಿಯನ್ನು ಹೆಚ್ಚಾಗಿ ಕೊಂದೇಬಿಡುತ್ತದೆ. ಅದಕ್ಕೆ ದುಬಾರಿ ರಾಣಿ ತರಿಸುವುದು ದುಡ್ಡು ದಂಡ. ಉಳಿದ ನೊಣಗಳನ್ನು ಬಲವಿರುವ ಪೆಟ್ಟಿಗೆಯ ಮುಂದೆ ಕೊಡವಿ, ಪೆಟ್ಟಿಗೆ ತೊಳೆದಿಡುವುದೇ ಮೇಲು ಎಂದು ನನ್ನ ಅಭಿಪ್ರಾಯ.

ಅನುಮಾನ ಉಳಿದರೆ ಇನ್ನೊಂದು ಪೆಟ್ಟಿಗೆಯಿಂದ ಮೊಟ್ಟೆ ಮತ್ತು ಎಳೆ ಹುಳುಗಳಿರುವ ಒಂದು ಎರಿಯನ್ನು, ಅದರ ರಾಣಿ ಅದರ ಮೇಲಿಲ್ಲ ಎಂದು ಖಚಿತ ಮಾಡಿಕೊಂಡು, ನೊಣ ಕೊಡವಿ ಇದರಲ್ಲಿ ಇಡಬೇಕು. ನಾಲ್ಕೈದು ದಿನದಲ್ಲಿ ನೆಲಗಡಲೆಯಂತೆ ಕೆಳಮುಖವಾಗಿ ನೇತಾಡುವ ರಾಣಿ ಕೋಶ ಕಟ್ಟಿದರೆ ಒಳಗೆ ರಾಣಿಯಿಲ್ಲ. ಕಟ್ಟದಿದ್ದರೆ ಎಲ್ಲೋ ಒಂದು ರಾಣಿ, ಒಳ್ಳೆಯದೋ ಕೆಟ್ಟದ್ದೋ, ಇದ್ದೇ ಇದೆ. ಇದಕ್ಕಾಗಿಯೇ ಬಲ್ಲವರು ಒಂದು ಪೆಟ್ಟಿಗೆ ಸಾಕಬೇಡಿ, ಸಾಕುವುದಾದರೆ ಎರಡು ಎನ್ನುವುದು. ಒಂದೇ ಪೆಟ್ಟಿಗೆಯವನಿಗೆ ಹೋಲಿಸಲೂ ಇಲ್ಲ, ಸಾಲ ತರಲೂ ಇಲ್ಲ.

ಕೊಲ್ಲುವುದೋ, ಬಿಡುವುದೋ

ಇಷ್ಟೆಲ್ಲ ತಿಳಿದ ಮೇಲೆ ಬರುವುದು ನಿಜವಾದ ಕಷ್ಟ. ಹೊಸ ರಾಣಿ ಬರಬೇಕಾದರೆ ಹಳೆಯವಳು ಹೋಗಬೇಕು. ಎರಡು ರಾಣಿ ಒಂದು ಪೆಟ್ಟಿಗೆಯಲ್ಲಿ ನಿಲ್ಲುವುದು ಅಪರೂಪ. ಊರಿನಲ್ಲಿ ಇದಕ್ಕೆ ಚರ್ಚೆಯೇ ಇಲ್ಲ. ಹೆಬ್ಬೆರಳು, ತೋರುಬೆರಳು, ಮುಗಿಯಿತು. ಆದರೆ ನಾವು ಬದುಕುತ್ತಿರುವುದು ಇರುವೆಗೂ ಹಿಟ್ಟು ಹಾಕುವ ಊರಿನಲ್ಲಿ. ಅಲ್ಕಾಪುರಿಯ ಕಟ್ಟಡಗಳಲ್ಲಿ ಜೈನ ಕುಟುಂಬಗಳು ಬಹಳ. ಅವರು ಜೇನುತುಪ್ಪ ಮುಟ್ಟುವವರಲ್ಲ, ಆದರೂ ಪೆಟ್ಟಿಗೆ ಇಡಲು ಬಿಟ್ಟಿದ್ದಾರೆ ಎಂಬುದೇ ದೊಡ್ಡದು. ನಾನು ರಾಣಿ ಬದಲಿಸುವ ಮಾತಾಡಿದ್ದು ಎದುರು ಮನೆಯ ಹಿರಿಯ ಬೆನ್ ಅವರ ಕಿವಿಗೆ ಬಿತ್ತು. ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿದರು: ‘ಭಾಯಿ, ರಾಣೀನೇ ಮಾರೀ ನಾಖಶೋ?’ ರಾಣಿಯನ್ನು ಕೊಂದುಬಿಡುತ್ತೀರಾ ಎಂದು. ಸಿಟ್ಟಿರಲಿಲ್ಲ, ಆತಂಕವಿತ್ತು.

ನಾನು ಹೇಳಿದ್ದು ಇಷ್ಟು: ‘ಬೆನ್, ಆಕೆ ಉಳಿದರೆ ಆರು ವಾರದಲ್ಲಿ ಹತ್ತು ಸಾವಿರ ನೊಣ ಹೋಗುತ್ತದೆ.’ ಅದಕ್ಕೆ ಅವರು, ‘ಅವು ತಾವಾಗಿ ಹೋಗುತ್ತವೆ, ಇದು ನಿಮ್ಮ ಕೈಯಿಂದ’ ಎಂದರು. ಈ ಮಾತಿಗೆ ನನ್ನಲ್ಲಿ ಈಗಲೂ ಪೂರ್ತಿ ಉತ್ತರವಿಲ್ಲ. ಬಹುಶಃ ಉತ್ತರ ಬೇಕಾಗಿಯೂ ಇಲ್ಲ, ದಾರಿ ಇದೆ. ಎರಡು ಚೌಕಟ್ಟಿನ ಪುಟ್ಟ ಪೆಟ್ಟಿಗೆಯಲ್ಲಿ ಒಂದು ಹಿಡಿ ನೊಣ, ಒಂದು ಜೇನಿನ ಎರಿ, ಹಳೆಯ ರಾಣಿ. ತಾರಸಿಯ ಇನ್ನೊಂದು ತುದಿಯಲ್ಲಿಟ್ಟು ಅವಳ ಕಾಲ ಅವಳು ಕಳೆಯಲಿ ಎಂದು ಬಿಟ್ಟೆ. ಲಾಭದ ದೃಷ್ಟಿಯಿಂದ ಇದು ಶುದ್ಧ ನಷ್ಟ, ಊರಿನ ಮಾವ ಕೇಳಿ ನಕ್ಕರು. ರಾಣಿ ಮುದಿಯಾಗಿದ್ದು ಇನ್ನೂ ಹೆಣ್ಣು ಮೊಟ್ಟೆ ಇಡುತ್ತಿದ್ದರೆ ಮಾತ್ರ ಈ ಪುಟ್ಟ ಪೆಟ್ಟಿಗೆ ಆಪತ್ತಿಗೆ ಒದಗುವ ಠೇವಣಿ. ಹೊಸ ರಾಣಿಯನ್ನು ಕುಟುಂಬ ಒಪ್ಪದಿದ್ದರೆ ಮರಳಿ ಬರಲು ಒಂದು ದಾರಿಯಾದರೂ ಇರುತ್ತದೆ. ಕೊಲ್ಲುವವರನ್ನು ನಾನು ಟೀಕಿಸುವುದಿಲ್ಲ. ಆದರೆ ನೆರೆಹೊರೆಯ ಒಪ್ಪಿಗೆಯಿಂದ ನಡೆಯುವ ಹವ್ಯಾಸದಲ್ಲಿ ಆ ನೆರೆಹೊರೆಯ ಮನಸ್ಸಿಗೂ ಒಂದು ಬೆಲೆಯಿದೆ.

ಏನೇ ಮಾಡಲಿ, ತಾನಾಗಿ ಸರಿಹೋದೀತೆಂದು ಕಾಯುವುದು ಮಾತ್ರ ಬೇಡ. ರಾಣಿ ದುರ್ಬಲವಾದಾಗ ನೊಣಗಳೇ ಒಂದೆರಡು ಹೊಸ ರಾಣಿ ಕೋಶ ಕಟ್ಟಿ ಬದಲಿಸಿಕೊಳ್ಳುವುದುಂಟು, ಅದು ಉತ್ತಮ. ಕಾಲು ಊನವಾದ, ರೆಕ್ಕೆ ಹರಿದ ರಾಣಿಯನ್ನು ಅವು ಹೀಗೆ ಬದಲಿಸುತ್ತವೆ. ಆದರೆ ರಾಣಿ ಕೋಶಕ್ಕೆ ಬೇಕಾದ್ದು ಹೆಣ್ಣು ಮರಿ. ಬರೀ ಗಂಡು ಇಡುವ ರಾಣಿಯ ಪೆಟ್ಟಿಗೆಯಲ್ಲಿ ಅದೇ ಇಲ್ಲವಲ್ಲ! ಹೊರಗಿನಿಂದ ಕೊಟ್ಟರಷ್ಟೇ ಉಂಟು.

ಕೊಡುವುದು ಎರಡು ರೀತಿ. ಕೂಡಿ ಬಂದ ರಾಣಿಯನ್ನೇ ತರಿಸಿದರೆ, ಹಳೆಯವಳನ್ನು ತೆಗೆದ ಮರುದಿನ ಪಂಜರದ ಸಮೇತ ಎರಡು ಎರಿಯ ನಡುವೆ ಸಿಕ್ಕಿಸಬೇಕು. ಪಂಜರದ ಬಾಯಿಗೆ ಸಕ್ಕರೆಯ ಮುದ್ದೆ ಇರುತ್ತದೆ. ನೊಣಗಳು ಅದನ್ನು ತಿಂದು ದಾರಿ ಬಿಡಿಸುವ ಎರಡು ಮೂರು ದಿನದಲ್ಲಿ ರಾಣಿಯ ವಾಸನೆ ಕುಟುಂಬಕ್ಕೆ ಒಗ್ಗುತ್ತದೆ. ವಾರದವರೆಗೆ ಮುಚ್ಚಳ ತೆಗೆಯದಿರುವುದು ಕ್ಷೇಮ. ಹೊಸ ಕೆಲಸಗಾರ ನೊಣ ಕಾಣಲು ಸುಮಾರು ನಾಲ್ಕು ವಾರ. ಎರಡನೆಯದು, ಮೊದಲು ಹೇಳಿದಂತೆ ಮೊಟ್ಟೆಯ ಎರಿ ಕೊಟ್ಟು ಅವುಗಳಿಂದಲೇ ರಾಣಿ ಮಾಡಿಸುವುದು. ಖರ್ಚಿಲ್ಲ, ಆದರೆ ಲೆಕ್ಕ ನೋಡಿ: ರಾಣಿ ಹೊರಬರಲು ಹನ್ನೆರಡು ಹದಿಮೂರು ದಿನ, ಹಾರಿ ಕೂಡಿ ಮೊಟ್ಟೆ ಇಡಲು ಇನ್ನೂ ಎರಡು ವಾರ, ಆ ಮೊಟ್ಟೆ ನೊಣವಾಗಲು ಮತ್ತೆ ಮೂರು ವಾರ. ಒಟ್ಟು ಏಳು ವಾರದ ಹತ್ತಿರ. ನೊಣದ ಆಯುಷ್ಯ ಆರೇ ವಾರ! ಹೀಗಾಗಿ ವಾರಕ್ಕೊಂದು ಮುಚ್ಚಿದ ಮರಿಯ ಎರಿಯನ್ನು ಎರಡನೇ ಪೆಟ್ಟಿಗೆಯಿಂದ ಸಾಲ ಕೊಡುತ್ತ ಹೋಗಬೇಕಾಗುತ್ತದೆ. ಸೆಪ್ಟೆಂಬರಿನಲ್ಲಿ ನಾನು ಹಿಡಿದ ದಾರಿ ಇದೇ. ಅಕ್ಟೋಬರಿನಲ್ಲಿ ಹೊಸ ರಾಣಿಯ ಮೊಟ್ಟೆ ಕಂಡಿತು. ಕುಟುಂಬ ಉಳಿಯಿತು. ಸಾಲ ಕೊಟ್ಟ ಪೆಟ್ಟಿಗೆ ಸೊರಗಿ, ಆ ವರ್ಷ ಬೇವಿನ ಹೂವಿಗೆ ಎರಡರಿಂದಲೂ ಹೇಳಿಕೊಳ್ಳುವಂಥ ಜೇನು ಬರಲಿಲ್ಲ.

ಪರರ ರಾಣಿಯನ್ನು ಕುಟುಂಬ ಒಪ್ಪುತ್ತದೆಯೇ ಎಂದು ಅನುಮಾನಿಸುವವರಿಗೆ ಒಂದು ಮಾತು. ಇಂದು ನಾವು ಸಾಕುವ ಮೆಲ್ಲಿಫೆರಾ ಭಾರತದಲ್ಲಿ ನೆಲೆಯೂರಿದ್ದೇ ಈ ವಿದ್ಯೆಯಿಂದ. ಹಲವು ಪ್ರಯತ್ನ ವಿಫಲವಾದ ಮೇಲೆ 1962ರಲ್ಲಿ, ಆಗ ಪಂಜಾಬಿನಲ್ಲಿದ್ದು ಈಗ ಹಿಮಾಚಲಕ್ಕೆ ಸೇರಿದ ನಗ್ರೋಟಾ ಎಂಬಲ್ಲಿ, ವಿಜ್ಞಾನಿ ಅಟ್ವಾಲ್ ಮತ್ತು ಸಂಗಡಿಗರು ಮೆಲ್ಲಿಫೆರಾ ರಾಣಿಯನ್ನು ನಮ್ಮ ದೇಶಿ ಜೇನಿನ ಕುಟುಂಬಕ್ಕೆ ಕೊಟ್ಟರು. ದೇಶಿ ನೊಣಗಳು ಬೇರೆ ಜಾತಿಯ ರಾಣಿಯ ಮಕ್ಕಳನ್ನು ಸಾಕಿ ದೊಡ್ಡ ಮಾಡಿದವು.

ಹಳೆಯ ಪತ್ರಿಕೆಯ ಉಪಯೋಗ

ಕುಟುಂಬ ತೀರಾ ಸಣ್ಣದಾಗಿದ್ದರೆ, ಮೂರು ಎರಿಯನ್ನೂ ಮುಚ್ಚದಷ್ಟು ನೊಣವಿದ್ದರೆ, ಹೊಸ ರಾಣಿಯ ಸಾಹಸ ಬಿಟ್ಟು ಇನ್ನೊಂದರೊಡನೆ ಕೂಡಿಸುವುದೇ ಜಾಣತನ. ಸೋತ ರಾಣಿಯನ್ನು ತೆಗೆದು, ಸಂಜೆ ಹೊತ್ತು ಬಲವಿರುವ ಪೆಟ್ಟಿಗೆಯ ಮುಚ್ಚಳ ತೆಗೆದು, ಅದರ ಮೇಲೆ ಒಂದು ಹಾಳೆ ವೃತ್ತಪತ್ರಿಕೆ ಹಾಸಿ, ಮೊಳೆಯಿಂದ ನಾಲ್ಕೈದು ಸಣ್ಣ ತೂತು ಮಾಡಿ, ದುರ್ಬಲ ಕುಟುಂಬದ ಕೋಣೆಯನ್ನು ಮೇಲಿಡಬೇಕು. ಎರಡು ಕಡೆಯವರೂ ಕಾಗದ ಕಡಿಯುತ್ತ ಬರುವಷ್ಟರಲ್ಲಿ ವಾಸನೆ ಒಂದಾಗಿ ಜಗಳ ತಪ್ಪುತ್ತದೆ. ಎರಡು ಮೂರು ದಿನದಲ್ಲಿ ಬಾಗಿಲ ಮುಂದೆ ಕಾಗದದ ಚೂರು ಬಿದ್ದಿದ್ದರೆ ಕೆಲಸವಾಯಿತೆಂದು ತಿಳಿಯಬೇಕು. 2019ರ ಏಪ್ರಿಲ್ 1ರಂದು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದಾಗ ನಡುವೆ ಹಾಸಿದ ಕಾಗದ ಇದಕ್ಕಿಂತ ಬಹಳ ದಪ್ಪವಿತ್ತು ಎಂದು ನಮ್ಮ ಮಿತ್ರರೊಬ್ಬರು ತಮಾಷೆ ಮಾಡುವುದುಂಟು. ಅಂದ ಹಾಗೆ ತುಡುವೆಯನ್ನೂ ಮೆಲ್ಲಿಫೆರಾವನ್ನೂ ಹೀಗೆ ಕೂಡಿಸಲು ಹೋಗಬಾರದು. ಕನ್ನಡ ಪತ್ರಿಕೆಯಾದರೂ ಅಷ್ಟು ಮಾಡಲಾರದು.

ಊರಿಗೆ ಹೋದಾಗ ಕಲಿಯಲು ಮನಸ್ಸಿರುವವರಿಗೆ ಭಾಗಮಂಡಲದ ಜೇನು ಸಾಕಣೆ ತರಬೇತಿ ಕೇಂದ್ರ, ಬೆಂಗಳೂರಿನ ಜಿಕೆವಿಕೆ, ದಾರಿಯಲ್ಲಿ ಪುಣೆಯಲ್ಲಿ ಇಳಿದರೆ ಖಾದಿ ಆಯೋಗದ ಕೇಂದ್ರೀಯ ಜೇನು ಸಂಶೋಧನಾ ಸಂಸ್ಥೆ ಇವೆ. ಆದರೆ ನೂರು ತರಬೇತಿಗಿಂತ ಈಗ ನಮಗೆ ಬೇಕಾದ್ದು ಒಬ್ಬರ ಪೆಟ್ಟಿಗೆ ಕೆಟ್ಟಾಗ ಇನ್ನೊಬ್ಬರು ಒಂದು ಮೊಟ್ಟೆಯ ಎರಿ ಕೊಡುವ ವ್ಯವಸ್ಥೆ. ಬರೋಡಾದಿಂದ ಅಹಮದಾಬಾದಿಗೆ ಕಾರಿನಲ್ಲಿ ಎರಡು ಗಂಟೆಯ ದಾರಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಟ್ಟರೆ ಎರಿ ಅಷ್ಟು ಹೊತ್ತು ತಾಳುತ್ತದೆ. ರಕ್ತ ಸಂಬಂಧದ ತೊಂದರೆಯೂ ಇದರಿಂದ ತಪ್ಪುತ್ತದೆ. ಸಂಘದ ಮುಂದಿನ ಸಭೆಗೆ ಪೆಟ್ಟಿಗೆಯಿರುವ ಸದಸ್ಯರು ತಮ್ಮ ದೂರವಾಣಿ ಸಂಖ್ಯೆ ಕೊಟ್ಟರೆ ಪಟ್ಟಿ ಮಾಡುವ ಕೆಲಸ ನಾನು ವಹಿಸಿಕೊಳ್ಳಬಲ್ಲೆ.

ಕೊನೆಯದಾಗಿ, ಹೊಸ ರಾಣಿ ಬಂದ ಮೇಲೆ ಆಕೆಯ ಬೆನ್ನಿಗೆ ಒಂದು ಬಣ್ಣದ ಚುಕ್ಕೆ ಇಡುವುದು ರೂಢಿ. ಯಾವ ವರ್ಷದ ರಾಣಿ ಎಂದು ತಿಳಿಯಲು ಲೋಕವೆಲ್ಲ ಒಪ್ಪಿದ ಐದು ಬಣ್ಣಗಳಿವೆ: ವರ್ಷದ ಕೊನೆಯ ಅಂಕಿ 1 ಅಥವಾ 6 ಆದರೆ ಬಿಳಿ, 2 ಅಥವಾ 7ಕ್ಕೆ ಹಳದಿ, 3 ಅಥವಾ 8ಕ್ಕೆ ಕೆಂಪು, 4 ಅಥವಾ 9ಕ್ಕೆ ಹಸಿರು, 5 ಅಥವಾ 0ಗೆ ನೀಲಿ. ಇದರಿಂದ ಎರಡು ವರ್ಷ ದಾಟಿದ ರಾಣಿ ಯಾವುದು, ನಮಗೆ ತಿಳಿಯದೆ ನೊಣಗಳೇ ಬದಲಿಸಿದ್ದು ಯಾವುದು ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ವಿಶೇಷ ಪೆನ್ನು ಸಿಗದಿದ್ದರೆ ಉಗುರಿಗೆ ಹಚ್ಚುವ ಬಣ್ಣವೂ ಆದೀತು, ಬೆನ್ನಿನ ಮೇಲೆ ಮಾತ್ರ, ರೆಕ್ಕೆಗೆ ತಾಗದಂತೆ. ಮನೆಯಾಕೆಯ ಡಬ್ಬಿಯಿಂದ ತೆಗೆಯುವವರು ಕೇಳಿಯೇ ತೆಗೆಯತಕ್ಕದ್ದು.